ಕಿವಿಯಪ್ಪನ ಸರದಿ

ಕಿವಿಯಪ್ಪನ ಹೆಂಡತಿಗೆ ನಾಡಿ ಇರಲಿಲ್ಲ. ಸತ್ತ ಮೇಲಿನ ಮಾತಲ್ಲ, ಬದುಕಿ ಓಡಾಡಿಕೊಂಡಿದ್ದಾಗಲೇ ಇರಲಿಲ್ಲ. ಅವಳ ಎದೆಯೊಳಗೆ, ಹೃದಯದ ಕೆಳತುದಿಗೆ ಸೇರಿಸಿ ಹೊಲಿದಿದ್ದ ಒಂದು ಪುಟ್ಟ ಪಂಪು, ನಲ್ಲಿಯ ನೀರು ಬಿದ್ದಂತೆ ಒಂದೇ ಸಮನೆ ರಕ್ತವನ್ನು ಹರಿಸುತ್ತಿತ್ತು. ಬಿಡದೆ ಹರಿಯುವುದಕ್ಕೆ ಮಿಡಿತ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸು ಯಾರಾದರೂ ಅವಳ ಮಣಿಕಟ್ಟು ಹಿಡಿದು ಮುಖ ಬಿಳಿಚಿಕೊಂಡರೆ, "ಹೆದರಬೇಡಮ್ಮ, ನಾನು ದೆವ್ವವೇ ಹೌದು. ಆದರೆ ಕಾಡೋದು ಗಂಡನ್ನ ಮಾತ್ರ" ಎಂದು ನಗುತ್ತಿದ್ದಳು.

ಕಿವಿಯಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಕೆಲಸದ ಜಾಗದಲ್ಲಿ ಅಂಟಿಕೊಂಡದ್ದು. ಅವನು ಬಾಹ್ಯಾಕಾಶ ಸಂಸ್ಥೆಯ ಪರೀಕ್ಷಾ ಅಂಗಳದಲ್ಲಿ ಮೇಸ್ತ್ರಿಯಾಗಿದ್ದವನು. ರಾಕೆಟ್ಟಿನ ಇಂಧನದ ಪಂಪುಗಳನ್ನು ನೆಲದ ಮೇಲೆ ಕಟ್ಟಿಹಾಕಿ ತಿರುಗಿಸಿ ನೋಡುವುದು ಅಲ್ಲಿಯ ಕೆಲಸ. ಸಣ್ಣ ಪಂಪುಗಳನ್ನು ನಿಧಾನವಾಗಿ ಓಡಿಸುವಾಗ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೇರಿಂಗು ಸವೆದಿದ್ದರೆ, ಒಳಗೆ ಗಾಳಿ ಸೇರಿದ್ದರೆ, ರೆಕ್ಕೆಯ ಅಂಚು ಎಲ್ಲೋ ಉಜ್ಜುತ್ತಿದ್ದರೆ, ಅಳತೆಯ ಮುಳ್ಳು ಅಲ್ಲಾಡುವುದಕ್ಕೆ ಮುಂಚೆಯೇ ಹೇಳಿಬಿಡುತ್ತಿದ್ದ. ಹೆಚ್ಚಿನ ಸಲ ಅವನ ಮಾತು ನಿಜವಾಗುತ್ತಿತ್ತು. ಹೀಗಾಗಿ ಮುಳ್ಳುಗಳ ಮೇಲೆ ಅವನಿಗೆ ಒಂದು ಬಗೆಯ ಅಸಡ್ಡೆ ಬೆಳೆದಿತ್ತು. "ಮುಳ್ಳು ಕೆಟ್ಟರೂ ಏನೋ ಒಂದು ತೋರಿಸ್ತಾನೇ ಇರುತ್ತೆ. ಸದ್ದು ಹಾಗಲ್ಲ" ಎನ್ನುವುದು ಅವನ ಸಿದ್ಧ ಮಾತು.

ಅವನಿದ್ದ ಕಾಲದಲ್ಲಿಯೇ ಸಂಸ್ಥೆಯವರು ಆಸ್ಪತ್ರೆಯ ಶಸ್ತ್ರವೈದ್ಯರ ಜೊತೆ ಕೂಡಿ ಆ ಹೃದಯದ ಪಂಪಿನ ಕೆಲಸ ಶುರುಮಾಡಿದ್ದರು. ರಾಕೆಟ್ಟಿನೊಳಗೆ ದ್ರವವನ್ನು ಗುಳ್ಳೆ ಏಳದಂತೆ, ಸುಳಿ ಕಟ್ಟದಂತೆ ನೂಕಲು ರೆಕ್ಕೆಗಳನ್ನು ಹೇಗೆ ತಿರುಚಬೇಕೆಂದು ಅವರು ಬಹಳ ವರ್ಷ ತಿಣುಕಿ ಕಲಿತಿದ್ದರು. ಅದೇ ವಿದ್ಯೆ ರಕ್ತಕ್ಕೂ ಬೇಕಾಯಿತು. ರಕ್ತ ಬಲು ನಾಜೂಕು. ಒರಟಾಗಿ ನೂಕಿದರೆ ಒಡೆಯುತ್ತದೆ, ನಿಂತರೆ ಹೆಪ್ಪುಗಟ್ಟುತ್ತದೆ. ಎಲ್ಲಿಯ ರಾಕೆಟ್ಟು, ಎಲ್ಲಿಯ ರಕ್ತ ಎಂದು ಅಂಗಳದಲ್ಲಿ ಗೇಲಿ ಮಾಡಿದವರಲ್ಲಿ ಕಿವಿಯಪ್ಪನೂ ಒಬ್ಬ. ಅವನು ಕೆಲಸ ಬಿಟ್ಟ ಮೇಲೆ ಹೆಂಡತಿಯ ಹೃದಯ ಸೋತು, ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುವ ಸ್ಥಿತಿ ಬಂದಾಗ, ಅವಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಆ ಪಂಪೇ. "ದೇವರು ದೊಡ್ಡವನು" ಎಂದು ಅವನು ಕಣ್ಣೊರೆಸಿಕೊಂಡರೆ ಅವಳು, "ದೇವರಿಗೊಂದು ನಮಸ್ಕಾರ ಹಾಕಿ, ನಿಮ್ಮ ಕಚೇರಿಗೂ ಒಂದು ಹಾಕಿ. ನೀವು ಗೇಲಿ ಮಾಡಿದ್ದು ಕಚೇರೀನೇ ಅಲ್ವಾ?" ಎಂದಿದ್ದಳು.

ಪಂಪಿನಿಂದ ಒಂದು ತೆಳ್ಳನೆಯ ತಂತಿ ಹೊಟ್ಟೆಯ ಪಕ್ಕದಲ್ಲಿ ಚರ್ಮ ತೂರಿ ಹೊರಬಂದು, ಸೊಂಟಪಟ್ಟಿಯ ಮೇಲಿನ ಡಬ್ಬಿಗೆ ಸೇರುತ್ತಿತ್ತು. ಡಬ್ಬಿಯ ಸಣ್ಣ ಕಿಟಕಿಯಲ್ಲಿ, ಪಂಪು ಎಷ್ಟು ವೇಗವಾಗಿ ತಿರುಗುತ್ತಿದೆ, ಅದಕ್ಕೆ ಎಷ್ಟು ವಿದ್ಯುತ್ತು ತಗಲುತ್ತಿದೆ ಎಂಬ ಅಂಕಿಗಳು ಕಾಣುತ್ತಿದ್ದವು. ಬೆಳಗ್ಗೆ ಪ್ರಾರ್ಥನೆ ಮುಗಿಸಿ ಎದ್ದವನೇ ಕಿವಿಯಪ್ಪ ಹೆಂಡತಿಯ ಎದೆಗೆ ಕಿವಿ ಇಡುತ್ತಿದ್ದ. ಒಳಗೆ ದೂರದ ಜೇನುಗೂಡಿನಂಥ ಒಂದು ಗುಂಯ್‌ಗಾರ.

"ಏನಂತೆ?" ಎಂದು ಅವಳು ಕೇಳುವಳು.

"ಚೆನ್ನಾಗಿದೆಯಂತೆ."

"ನನ್ನ ವಿಷಯ ಏನಾದ್ರೂ ಹೇಳ್ತಾ?"

"ಒಲೆ ಮೇಲೆ ಹಾಲು ಇಟ್ಟು ಮರೆತಿದ್ದಾಳೆ ಅಂತು."

ಅವಳು ಒಲೆಯತ್ತ ಓಡುವಳು. ಹೀಗೆ ವರ್ಷಗಳು ಕಳೆದವು.

ಕೊನೆಯ ವಾರ ಡಬ್ಬಿಯಲ್ಲಿ ವಿದ್ಯುತ್ತಿನ ಅಂಕಿ ಏರತೊಡಗಿತು. ಹೆಚ್ಚೇನಲ್ಲ, ದಿನಕ್ಕೆ ಚೂರು ಚೂರು. ಎಚ್ಚರಿಕೆಯ ಗಂಟೆ ಹೊಡೆಯುವಷ್ಟು ಆಗಿರಲಿಲ್ಲ. "ರೀ, ಇದು ನಿನ್ನೆಗಿಂತ ಜಾಸ್ತಿ ತೋರಿಸ್ತಿದೆ" ಎಂದು ಅವಳೇ ಹೇಳಿದಳು. ಅವನು ಕಿವಿ ಇಟ್ಟು ಕೇಳಿದ. ಪಂಪು ಎಂದಿಗಿಂತ ಮೃದುವಾಗಿ, ಎಂದಿಗಿಂತ ಇಂಪಾಗಿ ತಿರುಗುತ್ತಿತ್ತು. ಮೊದಲು ಸದ್ದಿನ ಅಡಿಯಲ್ಲಿ ಒಂದು ತೆಳುವಾದ ಕರಕರ ಇತ್ತು, ಅದೂ ಹೋಗಿತ್ತು. "ಪಂಪು ಹೊಸದರ ಹಾಗಿದೆ. ಡಬ್ಬಿಗೆ ವಯಸ್ಸಾಗಿದೆ. ಮುಂದಿನ ತಿಂಗಳು ತಪಾಸಣೆಗೆ ಹೋದಾಗ ಬದಲಾಯಿಸೋಣ" ಎಂದ. ಅವಳು ಸರಿ ಎಂದಳು. ವಾರ ಮುಗಿಯುವುದರೊಳಗೆ, ಒಗೆದ ಬಟ್ಟೆ ಮಡಿಸುತ್ತಿದ್ದವಳು ಅರ್ಧ ಮಡಿಸಿದ ಹೊದಿಕೆಯ ಮೇಲೆ ಒರಗಿಕೊಂಡಳು. ತಲೆಗೆ ರಕ್ತದ ಗರಣೆ ಸೇರಿದೆ ಎಂದರು ಆಸ್ಪತ್ರೆಯಲ್ಲಿ. ಮತ್ತೆ ಕಣ್ಣು ತೆರೆಯಲಿಲ್ಲ.

ಅವಳು ಹೋದ ಬೆಳಗ್ಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಿವಿಯಪ್ಪ ಕೂತಿದ್ದ. ಪಕ್ಕದಲ್ಲಿ ಹೆಂಡತಿಯ ಅಕ್ಕ. ಮನೆಮಂದಿಯೆಲ್ಲ ಆಕೆಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಸಂಸ್ಥೆಯ ಹೃದಯದ ಪಂಪಿನ ವಿಭಾಗದ ಇಂಜಿನಿಯರಮ್ಮ ಬಂದು ಎದುರಿಗೆ ನಿಂತಳು. ಹಿಂದೆ ಅಂಗಳದಲ್ಲಿ ಅವನ ಕೈಕೆಳಗೆ ಕೆಲಸ ಕಲಿತವಳು, ಈಗ ತಲೆಯಲ್ಲಿ ಅರ್ಧ ಬಿಳಿ ಕೂದಲು.

"ಮೇಸ್ತ್ರಿ, ಕೇಳೋಕೆ ಬಾಯಿ ಬರ್ತಿಲ್ಲ. ಪಂಪನ್ನ ತೆಗೆದು ನೋಡಬೇಕು. ನೀವು ಒಪ್ಪಿದರೆ ಮಾತ್ರ."

"ತಗೊಳ್ಳಿ" ಎಂದ ಕಿವಿಯಪ್ಪ. ನೀರು ಬೇಕಾ ಎಂದು ಕೇಳಿದ್ದರೂ ಅದೇ ದನಿಯಲ್ಲಿ ಉತ್ತರ ಹೇಳುತ್ತಿದ್ದ.

ದೊಡ್ಡಕ್ಕ ಎದ್ದು ನಿಂತಳು. "ಬೇಡ. ಮತ್ತೆ ಕೊಯ್ಯೋದು ಬೇಡ. ಅವಳನ್ನ ಹಾಗೇ ಕಳಿಸಿ. ಭಾವ, ಬೇಡ ಅನ್ನಿ."

ಅವನು ಬೇಡ ಎನ್ನಲಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಅದು ಮೊದಲು ಮನಸ್ಸಿನಿಂದ ಹೊರಟಿರಬೇಕಲ್ಲ. "ಹೆಂಡತಿಗಿಂತ ಪಂಪೇ ಹೆಚ್ಚಾಯ್ತು ನಿಮಗೆ" ಎಂದು ದೊಡ್ಡಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಎದುರಿನ ಗೋಡೆಯಲ್ಲಿ ಬಣ್ಣ ಎದ್ದು ಬಂದಿದ್ದ ಜಾಗವನ್ನು ನೋಡುತ್ತಿದ್ದ.

ಅಂತ್ಯಕ್ರಿಯೆ ಆಯಿತು. ಬಂದವರು ಹೋದರು. ದೊಡ್ಡಕ್ಕ ಮಾತ್ರ, ಮುನಿಸಿಕೊಂಡೇ, ಅಡುಗೆಗೆಂದು ಉಳಿದುಕೊಂಡಳು. ಕಿವಿಯಪ್ಪನಿಗೆ ಅಳು ಬರಲಿಲ್ಲ. ಹಸಿವಾಗುತ್ತಿರಲಿಲ್ಲ, ಬಡಿಸಿದರೆ ತಿನ್ನುತ್ತಿದ್ದ. ಪ್ರಾರ್ಥನೆಗೆ ಕೂತರೆ ಮಾತುಗಳು ಒಂದೂ ತಪ್ಪದೆ ಬರುತ್ತಿದ್ದವು. ದೇವರು ಎದುರಿಗಿದ್ದಾನೆ ಎಂಬ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ಇತ್ತ ಕಡೆ ತಾನು ಇದ್ದೇನೆ ಎಂಬುದರ ಬಗ್ಗೆ ಮಾತ್ರ ಅಷ್ಟು ಖಾತ್ರಿ ಇರಲಿಲ್ಲ. ಸಂಜೆ ಎದ್ದು ಪಂಪಿನ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಿದ್ದ, ಹಸಿರು ದೀಪ ಬಂದ ಮೇಲೆ ತೆಗೆದು ಸಾಲಾಗಿ ಜೋಡಿಸುತ್ತಿದ್ದ. ದೊಡ್ಡಕ್ಕ ನೋಡಿದಳು, ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು.

ಒಂದು ಬೆಳಗ್ಗೆ ಇಂಜಿನಿಯರಮ್ಮ ಫೋನ್ ಮಾಡಿದಳು. "ಪಂಪು ಬಿಚ್ಚಿದೀವಿ ಮೇಸ್ತ್ರಿ. ನಾಳೆ ಸರದಿಗೆ ಕೂರ್ತೀವಿ. ನೀವು ಬರಬೇಕು ಅಂತ ಕಟ್ಟುಪಾಡಿಲ್ಲ."

ಸರದಿ ಎಂದರೆ ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಅಂಗಳದಲ್ಲಿ ಪಂಪೊಂದು ಸಿಡಿದರೆ, ಬೆಂಕಿ ಆರಿದ ಮೇಲೆ, ಅಲ್ಲಿದ್ದವರೆಲ್ಲ ಮರದ ಪೆಟ್ಟಿಗೆಗಳನ್ನು ಬೋರಲು ಹಾಕಿಕೊಂಡು ದುಂಡಗೆ ಕೂರುತ್ತಿದ್ದರು. ಗುಡಿಸುವವನಿಂದ ಹಿಡಿದು ನಿರ್ದೇಶಕರ ತನಕ, ತಾನು ಏನು ಕಂಡೆ, ಏನು ಕೇಳಿದೆ, ಏನು ಮಾಡಿದೆ ಎಂದು ಸರದಿಯಂತೆ ಹೇಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಬೈಯುವಂತಿಲ್ಲ. ಹೇಳಿದವನು ಕ್ಷಮೆ ಕೇಳುವಂತೆಯೂ ಇಲ್ಲ. ಮುಗಿದ ಮೇಲೆ ಎಲ್ಲರಿಗೂ ಚಹಾ. ಒಮ್ಮೆ ಒಬ್ಬ ಹುಡುಗ, ಕೊಳವೆಯೊಳಗೆ ಒರೆಸುವ ಬಟ್ಟೆ ಮರೆತದ್ದನ್ನು ನಡುಗುತ್ತಾ ಹೇಳಿದ್ದ. ಯಾರೂ ತುಟಿ ಎರಡು ಮಾಡಲಿಲ್ಲ. ಬದಲಿಗೆ ಬಟ್ಟೆಗಳಿಗೆಲ್ಲ ಕೆಂಪು ದಾರ ಹೊಲಿಸಿ, ಹಂಚುವಾಗಲೂ ವಾಪಸು ಪಡೆಯುವಾಗಲೂ ಲೆಕ್ಕ ಮಾಡುವ ಪದ್ಧತಿ ಬಂತು. ಆ ದಿನ ಹುಡುಗನ ಕೈಗೆ ಚಹಾದ ಲೋಟ ಕೊಟ್ಟವನು ಕಿವಿಯಪ್ಪ.

ಈಗ ಸರದಿ ಅವನದು. ಪಂಪನ್ನು ಕೊಡುವಾಗ ಹೊಳೆಯದೇ ಇದ್ದದ್ದು ಈಗ ಹೊಳೆಯಿತು. ಡಬ್ಬಿ ತನ್ನ ಅಂಕಿಗಳನ್ನೆಲ್ಲ ಒಳಗೆ ಕೂಡಿಟ್ಟುಕೊಂಡಿರುತ್ತದೆ, ಅದನ್ನು ಅವರು ನೋಡಿಯೇ ನೋಡಿರುತ್ತಾರೆ. ಆದರೆ ಸದ್ದು? ಅದನ್ನು ಕೇಳಿದವನು ಅವನೊಬ್ಬನೇ. ಹೇಳದಿದ್ದರೆ ಅದು ಅವಳ ಜೊತೆಗೇ ಹೋಯಿತು. ಹೇಳಿದರೆ, ಅಂಕಿ ಕಂಡೂ ಕಿವಿಯನ್ನು ನಂಬಿ ಹೆಂಡತಿಯನ್ನು ಮನೆಯಲ್ಲೇ ಕೂರಿಸಿಕೊಂಡ ಗಂಡ ಎಂದು ಎಲ್ಲರ ಮುಂದೆ, ಅದರಲ್ಲೂ ದೊಡ್ಡಕ್ಕನ ಮುಂದೆ ನಿಲ್ಲಬೇಕು. ಇಷ್ಟನ್ನೂ ಅವನು ಬೇರೆ ಯಾರದೋ ವಿಷಯವೆಂಬಂತೆ ಯೋಚಿಸಿದ. ಭಯ ಇರಬೇಕಾದ ಜಾಗವನ್ನು ತಡವಿ ನೋಡಿದ, ಏನೂ ಸಿಗಲಿಲ್ಲ. ಇಷ್ಟಾಗಿಯೂ ಬರುತ್ತೇನೆಂಬ ಮಾತು ಬಾಯಿಂದ ಹೊರಡಲಿಲ್ಲ. "ನೋಡ್ತೀನಿ" ಎಂದು ಫೋನ್ ಇಟ್ಟ.

"ಯಾರು?" ಎಂದಳು ದೊಡ್ಡಕ್ಕ, ತರಕಾರಿ ಹೆಚ್ಚುತ್ತಾ.

"ಕಚೇರಿಯವರು. ಪಂಪು ಬಿಚ್ಚಿದ್ದಾರಂತೆ. ಬಂದು ಕೂರಿ ಅಂತಾರೆ."

ಚಾಕು ನಿಂತಿತು. "ಯಾಕೆ ಹೋಗಬೇಕು? ಹೋಗಿ ಏನಾಗಬೇಕು? ಆದದ್ದು ಆಯ್ತು. ಸುಮ್ಮನೆ ಮನೇಲಿರಿ ಭಾವ."

"ಹ್ಞೂ."

"ಹ್ಞೂ ಅಂದ್ರೆ? ಹೋಗ್ತೀರೋ ಇಲ್ಲವೋ?"

"ಗೊತ್ತಿಲ್ಲ ಅಕ್ಕ."

ಮರುದಿನ ಬೆಳಗ್ಗೆ ಅವನು ಎಂದಿನಂತೆ ಪ್ರಾರ್ಥನೆಗೆ ಕೂತ. ಮುಗಿಸಿ ಎದ್ದವನು, ಯಾವ ತೀರ್ಮಾನವನ್ನೂ ಮಾಡದೆಯೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡ. ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ ದೊಡ್ಡಕ್ಕ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ನೀವೊಬ್ಬರೇ ಹೋಗಿ ಏನೇನು ಹೇಳಿಬಿಡ್ತೀರೋ. ನಾನೂ ಬರ್ತೀನಿ" ಎಂದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಒಬ್ಬರು ಎಡಗಡೆಯ ಕಿಟಕಿಯಿಂದ, ಇನ್ನೊಬ್ಬರು ಬಲಗಡೆಯ ಕಿಟಕಿಯಿಂದ ಹೊರಗೆ ನೋಡುತ್ತಾ ಹೋದರು.

ಕೋಣೆ ಚಿಕ್ಕದು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಇಂಜಿನಿಯರಮ್ಮ, ಶಸ್ತ್ರವೈದ್ಯರು, ಹೆಂಡತಿಯ ತಪಾಸಣೆ ಮಾಡುತ್ತಿದ್ದ ನರ್ಸು, ಸಂಸ್ಥೆಯ ಇಬ್ಬರು. ನಡುವಿನ ಮೇಜಿನ ಮೇಲೆ ಬಿಳಿಯ ತಟ್ಟೆ. ತಟ್ಟೆಯಲ್ಲಿ ಪಂಪು, ಉದ್ದುದ್ದ ಎರಡು ಹೋಳಾಗಿ. ಕಿವಿಯಪ್ಪ ಅದನ್ನು ಮೊದಲ ಸಲ ನೋಡುತ್ತಿದ್ದ. ಅಷ್ಟು ವರ್ಷ ಕಿವಿಗೆ ಗೊತ್ತಿದ್ದದ್ದು ಕಣ್ಣಿಗೆ ಗುರುತೇ ಸಿಗಲಿಲ್ಲ. ರೆಕ್ಕೆಗಳು ಇನ್ನೂ ಹೊಳೆಯುತ್ತಿದ್ದವು. ಬೇರಿಂಗಿನ ಸುತ್ತ ಮಾತ್ರ ಕಂದು ಬಣ್ಣದ ಒಂದು ಬಳೆ, ತುಕ್ಕು ಹಿಡಿದಂತೆ.

ಇಂಜಿನಿಯರಮ್ಮ ಮೊದಲು ಹೇಳಿದಳು. ಬಳೆಯಂತೆ ಕಾಣುವುದು ಹೆಪ್ಪುಗಟ್ಟಿದ ರಕ್ತ. ನಿಧಾನವಾಗಿ ಕೂಡಿಕೊಂಡದ್ದು. ಅದರದೇ ಒಂದು ಚೂರು ಕಿತ್ತು ತಲೆಗೆ ಹೋಗಿದೆ. ಡಬ್ಬಿಯಲ್ಲಿ ವಿದ್ಯುತ್ತಿನ ಅಂಕಿ ಕೊನೆಯ ವಾರ ಏರಿದೆ, ಆದರೆ ಎಚ್ಚರಿಕೆಯ ಗಂಟೆಯನ್ನು ತಾವು ಅದಕ್ಕಿಂತ ಮೇಲೆ ಇಟ್ಟಿದ್ದೆವು ಎಂದಳು. ಶಸ್ತ್ರವೈದ್ಯರು ಮುಂದಿನ ತಪಾಸಣೆಗೆ ತಾವು ಕೊಟ್ಟ ದಿನಾಂಕ ದೂರವಾಗಿತ್ತೆಂದು ಹೇಳಿದರು. ನರ್ಸು, ರಕ್ತ ತೆಳುವಾಗಿಸುವ ಮಾತ್ರೆಯ ಅಳತೆಯ ಬಗ್ಗೆ ಹೇಳಿದಳು. ಯಾರೂ ತಲೆ ತಗ್ಗಿಸಲಿಲ್ಲ. ಆಮೇಲೆ ಸರದಿ ಕಿವಿಯಪ್ಪನದು.

ಕಿವಿಯಪ್ಪ ತನ್ನ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ಅಂಕಿ ಏರಿದ್ದನ್ನ ನಾನು ಕಂಡೆ. ಅವಳೇ ತೋರಿಸಿದಳು. ನಾನು ಕಿವಿ ಇಟ್ಟು ಕೇಳಿದೆ. ಪಂಪು ಹಾಳಾಗ್ತಿರೋ ಸದ್ದಲ್ಲ ಅದು. ಮೊದಲಿಗಿಂತ ಇಂಪಾಗಿತ್ತು. ಕರಕರ ಅನ್ನೋದು ಒಂದಿತ್ತು, ಹೋಗಿತ್ತು. ದಿನಾ ಇನ್ನಷ್ಟು ಮೆತ್ತಗಾಗ್ತಾ ಬಂತು. ಡಬ್ಬಿ ಕೆಟ್ಟಿದೆ ಅಂದೆ. ಆಸ್ಪತ್ರೆಗೆ ಕರ್ಕೊಂಡು ಬರಲಿಲ್ಲ."

ಇಷ್ಟು ಹೇಳಿ ನಿಲ್ಲಿಸಿದ. ದನಿ ಎಲ್ಲಿಯೂ ಒಡೆಯಲಿಲ್ಲ, ಹವಾಮಾನದ ವರದಿ ಓದಿದ ಹಾಗಿತ್ತು. ಮೇಜಿನ ಮೇಲಿನ ಕಂದು ಬಳೆಯನ್ನು ನೋಡಿದ. ಬೇರಿಂಗಿನ ಸುತ್ತ ಅದು ಮೆತ್ತೆ ಹಾಸಿದಂತೆ ಕೂತಿತ್ತು. ಲೋಹಕ್ಕೂ ಲೋಹಕ್ಕೂ ನಡುವೆ ಮೆತ್ತೆ ಇಟ್ಟರೆ ಸದ್ದು ಇಂಪಾಗದೆ ಇನ್ನೇನಾದೀತು? ಅಂಗಳದ ಪಂಪುಗಳಲ್ಲಿ ರಕ್ತ ಹರಿಸಿ ಯಾರೂ ಕೇಳಿರಲಿಲ್ಲ.

ಇಂಜಿನಿಯರಮ್ಮ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಕ್ಕ, "ನಾನೂ ಹೇಳಬಹುದಾ? ನಾನು ಇಲ್ಲಿಯವಳಲ್ಲ" ಎಂದಳು.

"ಹೇಳಿ ಅಮ್ಮ. ಕಂಡವರೆಲ್ಲ ಹೇಳಬಹುದು."

"ಅವಳು ನಂಗೆ ಫೋನ್ ಮಾಡಿದ್ದಳು. ಅದೇ ವಾರ. ಅಕ್ಕ, ಉಚ್ಚೆ ಚಹಾದ ಡಿಕಾಕ್ಷನ್ ಹಾಗೆ ಹೋಗ್ತಿದೆ, ಇವರಿಗೆ ಹೇಳಬೇಡ, ಹೇಳಿದ್ರೆ ಗಾಬರಿ ಬಿದ್ದು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾರೆ ಅಂದಳು. ನಾನು, ಬಿಸಿಲಿಗೆ ಕಣೇ, ನೀರು ಕುಡಿ ಅಂದೆ. ನೀರು ಕುಡಿ ಅಂದೆ ಅಷ್ಟೇ." ಅವಳು ಕಿವಿಯಪ್ಪನ ಕಡೆ ತಿರುಗಿದಳು. "ಭಾವ, ನಾನು..."

"ಇಲ್ಲಿ ಕ್ಷಮೆ ಕೇಳೋ ಹಾಗಿಲ್ಲ ಅಕ್ಕ" ಎಂದ ಕಿವಿಯಪ್ಪ. ಕಟುವಾಗಿ ಹೇಳಲಿಲ್ಲ. ಪದ್ಧತಿಯನ್ನು ಹೇಳಿದ, ಅಷ್ಟೇ. ದೊಡ್ಡಕ್ಕ ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಕೊಯ್ಯುವುದು ಬೇಡ ಎಂದು ಆಸ್ಪತ್ರೆಯಲ್ಲಿ ಅವಳು ಅಷ್ಟು ಪಟ್ಟು ಹಿಡಿದದ್ದು ಯಾಕೆಂದು ಅವನಿಗೆ ತಿಳಿಯಿತು. ತಿಳಿದದ್ದರಿಂದ ಕೋಪ ಬರಲಿಲ್ಲ, ಹಗುರವೂ ಆಗಲಿಲ್ಲ.

"ಪಂಪಿನಲ್ಲಿ ರಕ್ತ ಒಡೆದರೆ ಬಣ್ಣ ಹಾಗಾಗುತ್ತೆ" ಎಂದರು ಶಸ್ತ್ರವೈದ್ಯರು ಮೆಲ್ಲಗೆ. "ಅಂಕಿ, ಬಣ್ಣ, ಇವೆರಡೂ ನಮಗೆ ಗೊತ್ತಿರೋದೇ. ಸದ್ದಿನ ವಿಷಯ ಯಾರೂ ಹೇಳಿರಲಿಲ್ಲ."

ಇಂಜಿನಿಯರಮ್ಮ ಅಲುಗಾಡದೆ ಕೂತಿದ್ದಳು. "ಮೇಸ್ತ್ರಿ, ಇನ್ನೊಂದು ಸಲ ಹೇಳಿ. ಇಂಪಾಯ್ತು ಅಂದ್ರೆ? ಸದ್ದೇ ಕಡಿಮೆ ಆಯ್ತಾ?"

"ಕಡಿಮೆ ಆಯ್ತು. ಪಕ್ಕದಲ್ಲಿ ಮಲಗಿದ್ದವರಿಗೆ ಮೊದಲು ಗುಂಯ್ ಅಂತ ಕೇಳ್ತಿತ್ತು. ಕೊನೆಕೊನೆಗೆ ಕಿವಿ ಇಟ್ಟರೆ ಮಾತ್ರ."

ಅವಳು ಎದ್ದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿಯಿತು. "ಇದೇ ಪಂಪು ಹಾಕಿಸಿಕೊಂಡ ಬಸ್ ಡ್ರೈವರ್ ಒಬ್ಬರಿದ್ದಾರೆ. ಮೊನ್ನೆ ಅವರ ಹೆಂಡತಿ ಫೋನ್ ಮಾಡಿದ್ರು. ಥ್ಯಾಂಕ್ಸ್ ಹೇಳೋಕೆ. ಇವರ ಪಂಪು ಈಗ ಸದ್ದೇ ಮಾಡಲ್ಲ, ನಂಗೆ ಒಳ್ಳೆ ನಿದ್ದೆ ಬರ್ತಿದೆ ಅಂದ್ರು. ನಾನು ನಕ್ಕು, ಒಳ್ಳೇದಾಯ್ತು ಅಂದೆ."

ಅವಳು ಫೋನ್ ಹಿಡಿದು ಹೊರಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಅಮ್ಮ, ನಾನು ಪಂಪಿನ ವಿಭಾಗದಿಂದ... ಏನಿಲ್ಲ, ಗಾಬರಿ ಬೇಡ. ಅವರು ಎಲ್ಲಿದ್ದಾರೆ? ಕೊಡಿ... ಅಣ್ಣ, ಡಬ್ಬಿಯ ಕೆಳಗಿನ ಸಾಲಿನ ಅಂಕಿ ಓದಿ. ಮೊನ್ನೆ ಎಷ್ಟಿತ್ತು, ನೆನಪಿದೆಯಾ?... ಬಾತ್‌ರೂಮಿಗೆ ಹೋದಾಗ ಬಣ್ಣ ಹೇಗಿದೆ? ನಾಚಿಕೆ ಬೇಡ, ಹೇಳಿ... ಎಂದಿನಿಂದ?... ಇಲ್ಲ, ನಡೆದು ಬರಬೇಡಿ. ಗಾಡಿ ಕಳಿಸ್ತೀನಿ. ಅಲ್ಲೇ ಕೂತಿರಿ. ಬ್ಯಾಟರಿ ಜೊತೆಗಿರಲಿ."

ಶಸ್ತ್ರವೈದ್ಯರು ಅಷ್ಟರಲ್ಲಿ ಎದ್ದು ಬಾಗಿಲು ದಾಟಿದ್ದರು. ನರ್ಸು ಅವರ ಹಿಂದೆ ಓಡಿದಳು. ಸಂಸ್ಥೆಯ ಇಬ್ಬರೂ ಹೊರಟರು. ಚಹಾ ತಂದವನು ಖಾಲಿ ಕುರ್ಚಿಗಳನ್ನು ನೋಡಿ, ತಟ್ಟೆಯ ಪಕ್ಕದಲ್ಲಿ ಟ್ರೇ ಇಟ್ಟು ಹೋದ.

ಕೋಣೆಯಲ್ಲಿ ಕಿವಿಯಪ್ಪ, ದೊಡ್ಡಕ್ಕ ಇಬ್ಬರೇ ಉಳಿದರು. ಕಾರಿಡಾರಿನಲ್ಲಿ ಯಾರೋ ಗಾಡಿಯ ಚಾಲಕನನ್ನು ಕೂಗುತ್ತಿದ್ದರು.

"ಆ ಡ್ರೈವರು ಉಳೀತಾನಾ ಭಾವ?"

"ದೇವರಿಗೆ ಗೊತ್ತು" ಎಂದ ಕಿವಿಯಪ್ಪ. ಜೀವಮಾನವೆಲ್ಲ ಆಡಿದ ಮಾತೇ. ಈಗ ಮಾತ್ರ ಅದನ್ನು ದೇವರಿಗೇ ಕೇಳಿಸಲಿ ಎಂದು ಹೇಳಿದಂತಿತ್ತು. ತುಟಿಗಳು ತಾವಾಗಿ ಅಲ್ಲಾಡಿದವು. ಕಂಡರಿಯದ ಆ ಮನುಷ್ಯನ ಹೆಸರು ಗೊತ್ತಿಲ್ಲದ್ದರಿಂದ, ಬಸ್ಸು ಓಡಿಸುವವನು ಎಂದು ಹೇಳಿ ಬೇಡಿಕೊಂಡ.

ಕೆಳಗೆ ಗಾಡಿ ಹೊರಟ ಸದ್ದು ಕೇಳಿ ದೊಡ್ಡಕ್ಕ ಕಿಟಕಿಯತ್ತ ಹೋದಳು. "ಹೊರಟಿತು" ಎಂದಳು. "ಗೇಟು ತೆಗೀತಿದ್ದಾರೆ. ಹೋಯ್ತು. ತಿರುವು ದಾಟಿತು."